ಬಣ್ಣ ಬಿಟ್ಟ ಕುದುರೆ

ಜನವರಿ ೯

ಮಾನ್ಯರೇ,

ಹೇಗೆ ಶುರುಮಾಡುವುದೆಂದು ತಿಳಿಯದೆ ಮೂರು ಹಾಳೆ ಹಾಳುಮಾಡಿದೆ. ಮೊದಲನೆಯದರಲ್ಲಿ ‘ರೆಸ್ಪೆಕ್ಟೆಡ್ ಸರ್’ ಎಂದು ಬರೆದಿದ್ದೆ. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಈಗ ನನ್ನಲ್ಲಿ ಉಳಿದಿರುವುದು ಅರ್ಜಿಯ ತಲೆ ಮತ್ತು ಬಾಲ ಮಾತ್ರ, ಹೊಟ್ಟೆಯೆಲ್ಲ ಮರೆತುಹೋಗಿದೆ. ಎರಡನೆಯದರಲ್ಲಿ ‘ಲಗಾಮು’ ಎಂದು ನಿಮ್ಮ ಹಳೆಯ ಅಡ್ಡಹೆಸರನ್ನೇ ಬರೆದೆ. ಇಪ್ಪತ್ತೆರಡು ವರ್ಷ ಮಾತಿಲ್ಲದವನಿಗೆ ಆ ಸಲುಗೆ ಎಲ್ಲಿಯದು? ಹರಿದೆ. ಮೂರನೆಯದರ ಮೇಲೆ ಕಾಫಿ ಚೆಲ್ಲಿತು. ಇದು ನಾಲ್ಕನೆಯದು.

ವಿಷಯಕ್ಕೆ ಬರುತ್ತೇನೆ. ನನ್ನ ಮಗಳ ಮಗಳಿಗೆ ಈಗ ಹನ್ನೆರಡು. ಮನೆಯಲ್ಲಿ ಅವಳನ್ನು ಮೆಣಸು ಎನ್ನುತ್ತೇವೆ. ಯಾಕೆಂದು ಅವಳೆದುರು ಹತ್ತು ನಿಮಿಷ ನಿಂತರೆ ಯಾರಿಗಾದರೂ ತಿಳಿಯುತ್ತದೆ. ಎರಡು ವರ್ಷದಿಂದ ಸವಾರಿ ಕಲಿಯುತ್ತಿದ್ದಾಳೆ. ಅವಳು ಹತ್ತುತ್ತಿದ್ದ ಎರವಲು ಕುದುರೆಯನ್ನು ಅದರ ಮಾಲೀಕರು ಬೇರೆ ಊರಿಗೆ ಒಯ್ಯುತ್ತಿದ್ದಾರೆ. ಬೇಸಿಗೆಯೊಳಗೆ ಅವಳಿಗೆ ತನ್ನದೇ ಒಂದು ಬೇಕು, ಅದೂ ಚುಕ್ಕಿಯದು. “ಅಜ್ಜ, ಮಸಿ ಪೆನ್ನು ಝಾಡಿಸಿದ ಹಾಗಿರಬೇಕು” ಎಂದಳು. ನಾನು ಹಿಂದುಮುಂದು ನೋಡದೆ ‘ಹೂಂ’ ಎಂದುಬಿಟ್ಟೆ. ಆಮೇಲೆ ವಿಚಾರಿಸಿದರೆ, ಈ ಸುತ್ತಿನ ಮೂರು ಜಿಲ್ಲೆಗಳಲ್ಲಿ ಚುಕ್ಕಿ ಕುದುರೆಯ ತಳಿ ಸಾಕುವವರು ನೀವೊಬ್ಬರೇ.

ಹಳೆಯದನ್ನು ಮುಟ್ಟದೆ ಈ ಕಾಗದ ಮುಗಿಸಲಾರೆ. ಮೆಣಸಿನ ಅಮ್ಮನಿಗೆ ಹನ್ನೊಂದಾಗಿದ್ದಾಗ ನಿಮ್ಮ ಲಾಯದಿಂದಲೇ ಎರಡು ವರ್ಷದ ಹೆಣ್ಣೊಂದನ್ನು ತಂದಿದ್ದೆ. ಕಂದು ಮೈ, ಸೊಂಟದ ಮೇಲೆ ಯಾರೋ ಹಿಟ್ಟಿನ ಕೈ ಬಡಿದಂತೆ ಬಿಳಿ, ಆ ಬಿಳಿಯೊಳಗೆ ಕಂದು ಚುಕ್ಕಿ. ಮಗಳು ‘ಹಿಟ್ಟು’ ಎಂದೇ ಕರೆದಳು. ಎರಡು ವರ್ಷ ಚೆನ್ನಾಗಿತ್ತು. ಆಮೇಲೆ ಕಂದಿನೊಳಗೆ ಬಿಳಿ ಕೂದಲು ಸೇರತೊಡಗಿತು. ಚುಕ್ಕಿಗಳ ಅಂಚು ಕದಡಿತು. ತಂದು ನಾಲ್ಕು ವರ್ಷವಾಗುವಷ್ಟರಲ್ಲಿ ಹಿಟ್ಟು ಒಗೆದು ಒಗೆದು ಮಾಸಿದ ಪರದೆಯಂತಾಗಿದ್ದಳು. ನಾನು ಬಣ್ಣದ ಕಾರ್ಖಾನೆಯ ಮೇಷ್ಟ್ರು. ಮೂವತ್ತು ವರ್ಷ ಬಟ್ಟೆಗೆ ಬಣ್ಣ ಕಟ್ಟಿದವನು. ನನಗೆ ಹೊಳೆದದ್ದು ಒಂದೇ. ಒಂದು ಭಾನುವಾರ, ಕೊಳ್ಳುವವರು ತುಂಬಿದ್ದ ನಿಮ್ಮ ಅಂಗಳದ ನಡುವೆ ನಿಂತು, “ಇವನು ಕುದುರೆಗೆ ಬಣ್ಣ ಹಚ್ಚಿ ಮಾರ್ತಾನೆ, ಅದೂ ಕಚ್ಚಾ ಬಣ್ಣ” ಎಂದೆ. ಮರುದಿನ ಹಿಟ್ಟುವನ್ನು ತಂದು ನಿಮ್ಮ ಗೇಟಿಗೆ ಕಟ್ಟಿ, ತಿರುಗಿ ನೋಡದೆ ಹೋದೆ.

ಆ ಸಂದರ್ಭದಲ್ಲಿ ಕೆಲವು ತಪ್ಪುಗಳು ಆಗಿದ್ದಿರಬಹುದು.

ನನ್ನ ಮನೆಯವಳು ಹೋಗಿ ಮೂರು ವರ್ಷವಾಯಿತು. ಆ ದಿನ ನೀವು ಬಂದಿದ್ದಿರಂತೆ, ಗೇಟಿನ ಹೊರಗೇ ನಿಂತು ಹೋದಿರಂತೆ. ಯಾರೋ ಹೇಳಿದರು.

ಕುದುರೆ ಕೊಡುವಿರಾ ಎಂಬುದೇ ಈ ಕಾಗದದ ಪ್ರಶ್ನೆ. ಕೊಡದಿದ್ದರೆ ಮೆಣಸಿಗೆ ನಾನು ಏನು ಹೇಳಲಿ ಎಂಬುದು ಇನ್ನೊಂದು. ಅದು ನಿಮ್ಮ ತಲೆನೋವಲ್ಲ, ಬಿಡಿ.

ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಶನ್ (ಬಾಲ ಎಂದೆನಲ್ಲ, ಇದೇ),
ಬಣ್ಣದ ಮೇಷ್ಟ್ರು


ಜನವರಿ ೨೭

ಮೇಷ್ಟ್ರೇ,

ನನ್ನನ್ನ ಇಲ್ಲೀ ತನಕ ‘ಮಾನ್ಯರೇ’ ಅಂದವರು ನೋಟಿಸು ಕಳಿಸಿದವರು ಮಾತ್ರ. ಇರಲಿ.

ಮೂರು ಕುದುರೆ ಇವೆ. ಯಾವುದು ಒಳ್ಳೇದು ಅಂತ ನಾನು ಹೇಳಲ್ಲ. ನನ್ನ ಬಾಯಿಂದ ಬಂದದ್ದನ್ನ ನೀನು ನಂಬಲ್ಲ ಅಂತ ಊರಿಗೇ ಗೊತ್ತು. ನೀನೇ ಬಂದು ನೋಡು. ಸೊಸೆ ತೋರಿಸ್ತಾಳೆ. ನಾನು ಆಗ ಮೇಲಿನ ಹುಲ್ಲುಗಾವಲಲ್ಲಿರ್ತೀನಿ, ಹುಡುಕಿಕೊಂಡು ಬರಬೇಡ. ನೋಡಿದ್ದನ್ನ ಬರೆದು ಕಳಿಸು. ಓದಿ, ನಿನಗೆ ಕಣ್ಣು ಬಂದಿದೆ ಅನ್ನಿಸಿದರೆ ಕೊಡ್ತೀನಿ.

ಒಂದು ಪ್ರಶ್ನೆ. ಯಾವ ಬಟ್ಟೆ ಕೈಗೆ ಸಿಕ್ಕಿದರೂ ಬಿಳಿ ಚಿಂದಿಯಿಂದ ಉಜ್ಜಿ, ಬಣ್ಣ ಬಿಡುತ್ತಾ ಅಂತ ನೋಡೋ ಆಸಾಮಿ ನೀನು. ನನ್ನ ಮದುವೆ ಕೋಟನ್ನೂ ಬಿಟ್ಟಿರಲಿಲ್ಲ. ಹಿಟ್ಟುವನ್ನ ಉಜ್ಜಿ ನೋಡಿದ್ಯಾ?

ಗೇಟಿನ ತನಕ ಬಂದಿದ್ದು ನಿಜ.

ಲಗಾಮು


ಮಾರ್ಚ್ ೩

ಲಗಾಮು,

ನೀನು ‘ನೀನು’ ಎಂದೆಯಲ್ಲ, ನಾನೂ ಹಾಗೇ ಬರೆಯುತ್ತೇನೆ.

ನಿನ್ನ ಹೇಳಿಕೆಯಂತೆ ಹೋದ ಶನಿವಾರ ಬಂದು ನೋಡಿದೆ. ಹೊರಡುವ ಮುಂಚೆ ನಮ್ಮ ಕಾಲೇಜಿನ ಆ ಇಂಗ್ಲಿಷ್ ಕ್ಲಾಸು ನೆನಪಾಗಿ ಒಬ್ಬನೇ ನಕ್ಕೆ. ‘ದಿ ಹಾರ್ಸ್ ಈಸ್ ಎ ನೋಬಲ್ ಅನಿಮಲ್’ ಎಂದು ಪ್ರಬಂಧ ಬರೆಯಲು ಹೇಳಿದ್ದರು. ಅಲ್ಲಿಯವರೆಗೆ ಕುದುರೆಯ ಬಳಿ ನಿಂತೂ ನೋಡಿರದ ನನಗೆ ಕ್ಲಾಸಿಗೇ ಹೆಚ್ಚು ಅಂಕ. ಹುಟ್ಟಿದಾಗಿನಿಂದ ಲಾಯದಲ್ಲೇ ಬೆಳೆದ ನೀನು, ಕುದುರೆಗೆ ಹೊಟ್ಟೆನೋವು ಬಂದರೆ ಮಲಗಲು ಬಿಡಬಾರದು ಎಂದು ಎರಡೇ ಸಾಲು ಬರೆದು ಸೊನ್ನೆ ತೆಗೆದುಕೊಂಡೆ. ಇಂಗ್ಲಿಷ್ ಮೇಷ್ಟರು ಏನು ಕೇಳಿದರೂ ಬಾಯಿ ಬಿಡಲಿಲ್ಲವೆಂದು ಅವತ್ತೇ ನಿನಗೆ ಲಗಾಮು ಎಂದು ಹೆಸರಿಟ್ಟದ್ದು ನಾನು. ಅಂಕ ತೆಗೆದವನು ಈಗ ಪರೀಕ್ಷೆಗೆ ಕೂತಿದ್ದಾನೆ. ಓದು.

ನಿನ್ನ ಸೊಸೆ ಗೇಟಿನಲ್ಲೇ ನಿಂತಿದ್ದಳು. ಮೊಣಕೈವರೆಗೆ ತೋಳು ಮಡಚಿ, ಕೈಯಲ್ಲಿ ಗೊರಸು ಕೆರೆಯುವ ಕೊಕ್ಕೆ ಹಿಡಿದು. “ಮಾವ ಹೇಳಿದಾರೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಅಂತ. ಕೇಳದೇ ಇದ್ದಿದ್ದನ್ನ ಹೇಳಿದರೆ ಇವತ್ತು ನಂಗೆ ಊಟ ಇಲ್ಲ” ಎಂದಳು. ಹೇಳಿ ತಾನೇ ಜೋರಾಗಿ ನಕ್ಕಳು. ಒಳ್ಳೆಯ ಹುಡುಗಿ.

ಮೊದಲನೆಯದು, ಆ ನಾಲ್ಕು ವರ್ಷದ ಗಂಡು. ಅದನ್ನು ಬಿಸಿಲಿಗೆ ತಂದಾಗ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಬಿಳಿ ಮೈ, ಮೂಗಿನಿಂದ ಬಾಲದ ಬುಡದವರೆಗೆ ಕರಿ ಚುಕ್ಕಿ, ಒಂದು ಬಟಾಣಿಯಷ್ಟು, ಇನ್ನೊಂದು ಅಂಗೈಯಷ್ಟು. ನಮ್ಮ ಅಚ್ಚಿನ ಬಟ್ಟೆಯಲ್ಲಿ ಎಷ್ಟೇ ಚೆಂದದ ಚಿತ್ತಾರವಿದ್ದರೂ ಒಂದು ಗೇಣು ದಾಟಿದರೆ ಅದೇ ಹೂವು ಮತ್ತೆ ಬರುತ್ತದೆ. ಮೂವತ್ತು ವರ್ಷ ಆ ಮರುಕಳಿಕೆಯಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸವಾಗಿತ್ತು. ಈ ಕುದುರೆಯ ಎಡಮೈ ನೋಡಿ ಬಲಮೈಗೆ ಹೋದೆ. ಒಂದು ಚುಕ್ಕಿಯೂ ಹೊಂದಲಿಲ್ಲ. ಯಾವುದೂ ಎರಡನೇ ಸಲ ಬರುವುದಿಲ್ಲ. ನಾನು ಅದನ್ನು ಮೂರು ಸುತ್ತು ಹಾಕಿದೆ. ನಿನ್ನ ಸೊಸೆ, “ತಲೆ ತಿರುಗುತ್ತೆ ಮೇಷ್ಟ್ರೇ, ಕುದುರೆಗೆ” ಎಂದಳು.

ಚುಕ್ಕಿಯ ಹತ್ತಿರಕ್ಕೆ ಮುಖ ಒಯ್ದು ನೋಡಿದೆ. ಪ್ರತಿ ಚುಕ್ಕಿಯ ಸುತ್ತ ಮಬ್ಬಾದ ಬೂದು ಉಂಗುರ. ಅವತ್ತು ಹಿಟ್ಟುವಿನ ಮೇಲೂ ಇದನ್ನೇ ಕಂಡು, ‘ಬಣ್ಣ ಹರಡಿದೆ, ಕಚ್ಚಾ’ ಎಂದು ತೀರ್ಮಾನ ಮಾಡಿದ್ದೆ. ನಿನ್ನ ಸೊಸೆಯನ್ನು ಕೇಳಿದೆ. ಆ ಉಂಗುರದಲ್ಲಿ ಚರ್ಮ ಕಪ್ಪು, ಅದರ ಮೇಲೆ ಬೆಳೆದ ಕೂದಲು ಬಿಳಿ, ಒಳಗಿನ ಕಪ್ಪು ಹೊರಗೆ ನೆರಳಾಡುತ್ತದೆ, ಅಷ್ಟೇ ಎಂದಳು. ಅಷ್ಟೇ! ಬಿಳಿ ನೂಲಿನ ಕೆಳಗೆ ಕಪ್ಪು ಅಸ್ತರು ಹಾಕಿ ಇಂಥ ಬೂದು ಬರಿಸಲು ನಾವು ಒಂದಿಡೀ ಚಳಿಗಾಲ ಒದ್ದಾಡಿದ್ದೆವು, ಬರಲಿಲ್ಲ.

ಆದರೆ ಆ ಗಂಡು ನಿಂತಲ್ಲಿ ನಿಲ್ಲಲಿಲ್ಲ. ಹಿಂಗಾಲೆತ್ತಲು ಹೋದರೆ ಝಾಡಿಸಿತು. “ಯಾರಿಗೆ ಒಳ್ಳೇದು ಇದು?” ಎಂದೆ. “ಬಿದ್ದು ಅಭ್ಯಾಸ ಇರೋರಿಗೆ” ಎಂದಳು.

ಎರಡನೆಯದು ಏಳು ವರ್ಷದ ಹೆಣ್ಣು, ಹೆಚ್ಚುಕಡಿಮೆ ಪೂರ್ತಿ ಬಿಳಿ. ಮೊಣಕಾಲಲ್ಲಿ ಎರಡು, ಕಿವಿಯ ಬುಡದಲ್ಲಿ ಎರಡು ಚುಕ್ಕಿ. ಸ್ವಭಾವ ಬೆಣ್ಣೆ. ನನ್ನ ಭುಜದ ಮೇಲೆ ಗದ್ದ ಇಟ್ಟು ನಿಂತಳು. ಇದು ಚುಕ್ಕಿ ಕುದುರೆಯೇ ಅಲ್ಲವಲ್ಲ ಎಂದುಕೊಂಡೆ. ಕೇಳಿದರೆ, ಚುಕ್ಕಿಯ ಗುಣ ಇವಳಿಗೆ ಅಪ್ಪನಿಂದಲೂ ಬಂದಿದೆ, ಅಮ್ಮನಿಂದಲೂ ಬಂದಿದೆ, ಹೀಗೆ ಎರಡೂ ಕಡೆಯಿಂದ ಬಂದಾಗ ಬಿಳಿಯೇ ಹೆಚ್ಚಾಗಿ ಚುಕ್ಕಿ ಅಳಿಯುತ್ತದೆ, ಆದರೆ ಇವಳು ಹಾಕುವ ಪ್ರತಿ ಮರಿಗೂ ಆ ಗುಣ ಇದ್ದೇ ಇರುತ್ತದೆ ಎಂದಳು. ಆಮೇಲೆ ನಾನು ಕೇಳದಿದ್ದರೂ ಬಿಳಿಯವಳನ್ನು ಬಿಸಿಲಿನಿಂದ ಹುಲ್ಲಿನ ಕೊಟ್ಟಿಗೆಯ ಬಾಗಿಲವರೆಗೆ ನಡೆಸಿದಳು. ಒಳಗೆ ಮಬ್ಬು. ಹೊಸ್ತಿಲಲ್ಲಿ ಬಿಳಿಯವಳು ನಿಂತುಬಿಟ್ಟಳು. ಮೂಗು ಮೇಲೆತ್ತಿ, ತಲೆ ಓರೆ ಮಾಡಿ, ಮುಂಗಾಲಿನಿಂದ ನೆಲ ತಡವಿದಳು. ಅಷ್ಟು ಹೊತ್ತು ನನ್ನ ಹೆಗಲ ಮೇಲಿದ್ದ ಪ್ರಾಣಿ ಒಮ್ಮೆಗೇ ಕುರುಡಾಗಿತ್ತು. ನಾನು ಕೇಳುವವರೆಗೆ ನಿನ್ನ ಸೊಸೆ ಕಾರಣ ಹೇಳುವಂತಿರಲಿಲ್ಲ. ಊಟದ ಮೇಲೆ ಆಸೆ ಇತ್ತಲ್ಲ.

ಕೊನೆಗೆ ಕೇಳಿದೆ. ಹುಟ್ಟಿನಿಂದಲೇ ಹೀಗಂತೆ. ಹಗಲಲ್ಲಿ ಯಾವ ತೊಂದರೆಯೂ ಇಲ್ಲ. ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಹಗಲು ಹತ್ತಿ ಹಗಲಲ್ಲೇ ಇಳಿಯುವವರಿಗೆ ಇವಳಂಥ ಕುದುರೆ ಇಲ್ಲ. ನಮ್ಮ ಮೆಣಸು ಚಳಿಗಾಲದಲ್ಲಿ ಸವಾರಿ ಮುಗಿಸಿ, ಮರಗಳ ನಡುವಿನ ಆ ಓಣಿಯಲ್ಲಿ ಮನೆಗೆ ಬರುವಷ್ಟರಲ್ಲಿ ಬೆಳಕು ಇಳಿದಿರುತ್ತದೆ. ಆಗದು.

ಆಮೇಲೆ ಮೂರನೆಯದನ್ನು ಹೊರತಂದಳು. ಆರು ವರ್ಷದ ಹೆಣ್ಣು. ಕಂದು ಮೈ. ಸೊಂಟದ ಮೇಲೆ ಹಿಟ್ಟಿನ ಕೈ.

ಈ ಸಲ ಮೈ ನೋಡುವ ಮೊದಲು ಬಾಯಿ ನೋಡಿದೆ. ತುಟಿಯ ಚರ್ಮ ಕರಿ, ಗುಲಾಬಿ ಮಚ್ಚೆ ಮಚ್ಚೆ. ಕಣ್ಣಿನ ಸುತ್ತಲೂ ಹಾಗೇ. ಕಣ್ಣಾಲಿಯ ಬದಿಗೆ ಮನುಷ್ಯರಿಗಿರುವ ಹಾಗೆ ಬಿಳಿ ಕಾಣುತ್ತದೆ. ಹಾಗಾಗಿ ಅವಳು ನೋಡಿದರೆ, ಯಾರೋ ನನ್ನನ್ನು ಅಳೆಯುತ್ತಿದ್ದಾರೆ ಅನ್ನಿಸುತ್ತದೆ. ಕಾಲಲ್ಲಿ ಬಿಳಿಯಿಲ್ಲದಿದ್ದರೂ ಗೊರಸಿನಲ್ಲಿ ಮೇಲಿಂದ ಕೆಳಕ್ಕೆ ಬಿಳಿ ಗೀಟು, ಕರಿ ಗೀಟು, ನೇಯ್ದ ಹಾಗೆ. ಮೈಯ ಬಣ್ಣ ಎಷ್ಟು ಬದಲಾದರೂ ಈ ಮೂರು ಬದಲಾಗವು ಎಂದು ಸೊಸೆ ಹೇಳಿದಳು. ತುಟಿ, ಕಣ್ಣು, ಗೊರಸು. ಹಾಗಾದರೆ ಮೈಬಣ್ಣ ಬದಲಾಗುತ್ತದೆ. ಅವಳ ಮೂಗಿನ ಎಲುಬಿನ ಇಕ್ಕೆಲದಲ್ಲಿ ಆಗಲೇ ಬಿಳಿ ಕೂದಲು ಬಂದಿತ್ತು. ಎಲುಬಿನ ಮೇಲೆ ಮಾತ್ರ ಕಂದು ಗಟ್ಟಿಯಾಗಿ ನಿಂತಿತ್ತು. ಹಿಟ್ಟುವಿಗೂ ಹಾಗೇ ಆಗಿತ್ತು. ಮೊದಲು ಮೂಗು, ಆಮೇಲೆ ಪಕ್ಕೆ. ಮೊಣಕಾಲು, ಸೊಂಟದ ತುದಿ, ಕೆನ್ನೆ, ಎಲ್ಲಿ ಎಲುಬು ಎದ್ದಿದೆಯೋ ಅಲ್ಲಿ ಮಾತ್ರ ಕೊನೆಯವರೆಗೂ ಕಂದು.

“ಇವಳು ಯಾರ ಪೈಕಿ?” ಎಂದು ಕೇಳಿದೆ.

“ಅದನ್ನ ಮಾವನ್ನೇ ಕೇಳಿ” ಎಂದು ಮುಖ ತಿರುಗಿಸಿದಳು.

ನಾಲ್ಕೂ ಕಾಲನ್ನು ಕೇಳಿದ ಕೂಡಲೇ ಎತ್ತಿದಳು. ಮಬ್ಬಿನ ಕೊಟ್ಟಿಗೆಯೊಳಕ್ಕೆ ತಡೆಯದೆ ನಡೆದಳು. ಕಣ್ಣಲ್ಲಿ ನೀರಿಲ್ಲ, ಬೆಳಕಿಗೆ ಕಿರಿದು ಮಾಡುವುದಿಲ್ಲ. ಈ ತಳಿಗೆ ಕಣ್ಣುಬೇನೆ ಬೇಗ ಹಿಡಿಯುತ್ತದಂತಲ್ಲ, ಅದನ್ನೂ ಕೇಳಿ ತಿಳಿದುಕೊಂಡೆ. ನೀರು ಸುರಿದರೆ ನಾಳೆಗೆ ಕಾಯದೆ ಅವತ್ತೇ ಡಾಕ್ಟರು.

ನನ್ನ ಉತ್ತರ: ಮೂರನೆಯವಳು. ಕಣ್ಣಿಗೆ ಹಬ್ಬ ಮೊದಲನೆಯವನೇ, ಸುಳ್ಳೇಕೆ ಹೇಳಲಿ. ಆದರೆ ಹುಡುಗಿ ಕೂರುವುದು ಚುಕ್ಕಿಯ ಮೇಲಲ್ಲ, ಕುದುರೆಯ ಮೇಲೆ.

ಅಂಕ ಎಷ್ಟು, ಹೇಳು.

ಮೇಷ್ಟ್ರು


ಮಾರ್ಚ್ ೧೬

ಮೇಷ್ಟ್ರೇ,

ಗೊರಸು ನೋಡಿದ್ದು ಸರಿ. ಬಾಯಿ ಮೊದಲು ನೋಡಿದ್ದು ಇನ್ನೂ ಸರಿ. ಗಂಡು ಕುದುರೆಯನ್ನ ಮೂರು ಸುತ್ತು ಹಾಕಿದ್ದು ಸೊಸೆ ಮೊದಲೇ ಹೇಳಿದ್ದಳು. ನಾನು ದಿನಾ ಎರಡು ಸುತ್ತು ಹಾಕ್ತೀನಿ, ಯಾರಿಗೂ ಹೇಳಬೇಡ.

ಕುದುರೆ ವರ್ಷವರ್ಷವೂ ಮೈಕೂದಲೆಲ್ಲ ಬದಲಿಸುತ್ತೆ. ಈಗ ಲಾಯದಲ್ಲಿ ಬಾಚಿದಷ್ಟೂ ಕೂದಲು, ಮೂಟೆ ಕಟ್ಟಬಹುದು. ಹಿಟ್ಟು ನಿನ್ನ ಹತ್ತಿರ ನಾಲ್ಕು ವರ್ಷ ಇದ್ದಳು. ನಾಲ್ಕು ವರ್ಷವೂ ನಾನು ಬ್ರಶ್ಶು ಹಿಡಿದು ನಿಮ್ಮ ಗೋಡೆ ಹಾರಿ ಬಂದು ಬಣ್ಣ ಬಳಿದು ಹೋಗ್ತಿದ್ದೆನಾ? ಅವತ್ತು ಇದನ್ನೇ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ಕೂಗ್ತಿದ್ದೆ. ನಾನು ಲಗಾಮು.

ಮೂರನೆಯವಳ ಬಣ್ಣ ಹೋಗುತ್ತೆ. ಹುಡುಗಿಗೆ ಹೇಳಿದ್ಯಾ? ಮೊದಲು ಹೇಳು.

ಮತ್ತೆ, ನಾನು ಕೇಳಿದ್ದಕ್ಕೆ ಇಷ್ಟುದ್ದದ ಕಾಗದದಲ್ಲಿ ಉತ್ತರ ಇಲ್ಲ. ಉಜ್ಜಿ ನೋಡಿದ್ಯಾ? ಅದು ಬರೋ ತನಕ ಕುದುರೆ ಇಲ್ಲಿಂದ ಹೊರಡಲ್ಲ.

ಲಗಾಮು


ಏಪ್ರಿಲ್ ೨

ಲಗಾಮು,

ಇಲ್ಲ ಎಂದು ಬರೆಯಬೇಕೆಂದು ಕೂತಿದ್ದೆ. ಉಜ್ಜಿ ನೋಡಲಿಲ್ಲ, ಸಿಟ್ಟಿನಲ್ಲಿ ತೋಚಲಿಲ್ಲ ಎಂದರೆ ಮುಗಿಯುತ್ತಿತ್ತು, ಕುದುರೆಯೂ ಬರುತ್ತಿತ್ತು. ಬರೆಯಲು ಒಳ್ಳೆಯ ಹಾಳೆ ಸಿಗದೆ ಬೀರುವಿನ ಮೇಲಿನ ಸ್ಯಾಂಪಲ್ ಪುಸ್ತಕಗಳನ್ನು ಕೆಳಗಿಳಿಸಿದೆ. ಹಿಂದೆ ಖಾಲಿ ಹಾಳೆ ಇರುತ್ತವೆ.

ಆ ಪುಸ್ತಕ ನಿನಗೆ ನೆನಪಿರಬೇಕು. ಕಾರ್ಖಾನೆಯಲ್ಲಿ ಪ್ರತಿ ಬಣ್ಣಕ್ಕೂ ಒಮ್ಮೆ ಒಣ ಬಿಳಿ ಬಟ್ಟೆಯಿಂದ, ಒಮ್ಮೆ ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದೆವು. ಉಜ್ಜಿದ ಚಿಂದಿಗಳನ್ನು ಮನೆಗೆ ತಂದುಕೊಟ್ಟರೆ ನನ್ನವಳು ಪುಸ್ತಕಕ್ಕೆ ಅಂಟಿಸಿ, ಕೆಳಗೆ ದುಂಡಗಿನ ಅಕ್ಷರದಲ್ಲಿ ಲೇಬಲ್ಲು ಬರೆಯುತ್ತಿದ್ದಳು. ಯಾವ ಮಾದರಿ, ಏನು ಫಲಿತಾಂಶ, ಪರೀಕ್ಷಿಸಿದವರು ಯಾರು. ಕೊನೆಯ ಸಾಲು ‘ಒಪ್ಪಿದವರು’. ಅಲ್ಲಿ ನಾನು ಸಹಿ ಮಾಡದೆ ಯಾವ ಬಣ್ಣವೂ ಕಾರ್ಖಾನೆಯಿಂದ ಹೊರಗೆ ಹೋಗುವಂತಿರಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದಿನ ಪುಸ್ತಕ ತಿರುವಿದೆ. ಒಂದು ನೀಲಿಗೂ ಒಂದು ಇಟ್ಟಿಗೆ ಕೆಂಪಿಗೂ ನಡುವಿನ ಪುಟದಲ್ಲಿ ಮೂರು ಬಿಳಿ ಚಿಂದಿ. ಅಚ್ಚ ಬಿಳಿ. ಕೆಳಗೆ ಅವಳ ಅಕ್ಷರ:

ಮಾದರಿ: ಹಿಟ್ಟು. ಒಣ ಉಜ್ಜು: ಬಣ್ಣ ಬಿಟ್ಟಿಲ್ಲ. ಒದ್ದೆ ಉಜ್ಜು: ಬಣ್ಣ ಬಿಟ್ಟಿಲ್ಲ. ಸ್ಪಿರಿಟ್ ಉಜ್ಜು: ಬಣ್ಣ ಬಿಟ್ಟಿಲ್ಲ. ಪರೀಕ್ಷಿಸಿದವರು: ಮೇಷ್ಟ್ರು. ಒಪ್ಪಿದವರು:

ಆ ಕೊನೆಯ ಸಾಲು ಖಾಲಿ.

ಉಜ್ಜಿದ್ದೆ, ಲಗಾಮು. ನಿನ್ನ ಅಂಗಳದಲ್ಲಿ ಕೂಗಾಡಿ ಮನೆಗೆ ಬಂದ ಸಂಜೆಯೇ ಉಜ್ಜಿದ್ದೆ. ಮೊದಲು ಒಣ ಚಿಂದಿ, ಆಮೇಲೆ ಒದ್ದೆ, ಆಮೇಲೆ ನಂಬಿಕೆ ಬಾರದೆ ಸ್ಪಿರಿಟ್ಟು. ಹಿಟ್ಟು ಪಾಪ ಸುಮ್ಮನೆ ನಿಂತಿದ್ದಳು. ಮುದ್ದಿಸುತ್ತಿದ್ದೇನೆ ಎಂದುಕೊಂಡಿರಬೇಕು, ಕಿವಿ ಜೋಲಿಸಿದ್ದಳು. ಮೂರೂ ಚಿಂದಿ ಬೆಳ್ಳಗೇ ಇದ್ದವು. ಅಷ್ಟು ಹೊತ್ತಿಗೆ ಇಪ್ಪತ್ತು ಮೂವತ್ತು ಜನರೆದುರು ನನ್ನ ಮಾತು ಹೊರಬಿದ್ದಾಗಿತ್ತು. ಬಣ್ಣದ ವಿಷಯದಲ್ಲಿ ತಪ್ಪಿದ ಬಣ್ಣದ ಮೇಷ್ಟ್ರು ಎಂದು ಎಲ್ಲರ ಬಾಯಲ್ಲಿ ಆಡಿಕೊಳ್ಳುವ ವಸ್ತುವಾಗುವುದು ನನಗೆ ಬೇಡವಾಗಿತ್ತು. ಚಿಂದಿಗಳನ್ನು ಕಸದ ಬುಟ್ಟಿಗೆಸೆದೆ. ಬೆಳಿಗ್ಗೆ ಎದ್ದು ಕುದುರೆಯನ್ನು ನಿನ್ನ ಗೇಟಿಗೆ ಕಟ್ಟಿಬಂದೆ. ಚಿಂದಿಗೆ ಬಣ್ಣ ಹತ್ತಿದ್ದರೆ ಸಿಟ್ಟಿನಿಂದ ಕಟ್ಟಿದೆ ಎನ್ನಬಹುದಿತ್ತು. ಬೆಳ್ಳಗಿದ್ದದ್ದನ್ನು ಕಂಡೂ ಕಟ್ಟಿದೆ. ಮಗಳು ಎರಡು ದಿನ ಊಟ ಮಾಡಲಿಲ್ಲ. ಅವಳಿಗೂ ನೀನೇ ಮೋಸಗಾರನೆಂದು ಹೇಳಿದೆ.

ಮೊದಲ ಕಾಗದದಲ್ಲಿ ‘ತಪ್ಪುಗಳು ಆಗಿದ್ದಿರಬಹುದು’ ಎಂದು ಬರೆದಿದ್ದೆ. ಅದು ಅರ್ಜಿಯ ಭಾಷೆ. ತಪ್ಪು ತಾನಾಗಿ ಆಗಲಿಲ್ಲ. ನಾನು ಮಾಡಿದೆ.

ನನ್ನವಳು ಅಡುಗೆಮನೆಯ ಕಿಟಕಿಯಿಂದ ನೋಡಿರಬೇಕು. ಬುಟ್ಟಿಯಿಂದ ಆಯ್ದು, ಪ್ರತಿ ಸಲದಂತೆ ಅಂಟಿಸಿ, ಬರೆದು, ನನ್ನ ಸಹಿಗೆ ಜಾಗ ಬಿಟ್ಟು ಪುಸ್ತಕ ಮೇಜಿನ ಮೇಲಿಟ್ಟಿದ್ದಳು. ಆ ವಾರ ನಾನು ಪುಸ್ತಕ ತೆರೆಯಲಿಲ್ಲ. ಅವಳೂ ಒಂದು ಮಾತು ಆಡಲಿಲ್ಲ. ಆಮೇಲೆ ಹತ್ತೊಂಬತ್ತು ವರ್ಷ ನಾವು ಒಂದೇ ಮೇಜಿನಲ್ಲಿ ಉಂಡೆವು.

ಆ ಪುಟ ಕಿತ್ತು ಈ ಕಾಗದದ ಜೊತೆ ಇಟ್ಟಿದ್ದೇನೆ. ನಿನ್ನ ಹತ್ತಿರ ಇರಬೇಕಾದದ್ದು. ಯಾರಿಗೆ ಬೇಕಾದರೂ ತೋರಿಸು. ಕುದುರೆ ಕೊಡು, ಬಿಡು.

ಮೇಷ್ಟ್ರು


ಮೇ ೬

ಲಗಾಮು,

ತಿಂಗಳು ದಾಟಿತು. ಅಂಚೆಯವನು ಗೇಟಿನಲ್ಲಿ ನನ್ನನ್ನು ಕಂಡರೆ ಸೈಕಲ್ಲಿನ ಮೇಲಿಂದಲೇ ಕೈಯಾಡಿಸುತ್ತಾನೆ. ನಿನ್ನನ್ನು ಅವಸರಪಡಿಸಲು ಬರೆಯುತ್ತಿಲ್ಲ. ನೀನು ಹೇಳಿದ್ದ ಇನ್ನೊಂದು ಕೆಲಸ ಮಾಡಿದ್ದೇನೆ ಎಂದು ತಿಳಿಸಲು ಮಾತ್ರ.

ಮಗಳು, ಮೊಮ್ಮಗಳು ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿದೆ. ಮೂರು ಚಿಂದಿಯ ವಿಷಯವನ್ನೂ ಹೇಳಿದೆ. ಮಗಳು ಎದ್ದುಹೋಗಿ ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆದಳು. ಅವಳ ಅಮ್ಮನೂ ಹಾಗೇ ಮಾಡುತ್ತಿದ್ದಳು. ನೆಲಕ್ಕಿಟ್ಟ ಪ್ರತಿ ಪಾತ್ರೆಯ ಸದ್ದನ್ನೂ ಕೂತು ಕೇಳಿದೆ. ಕೊನೆಗೆ ಕೈ ಒರೆಸಿಕೊಳ್ಳುತ್ತ ಬಂದು, “ಹಿಟ್ಟು ಏನಾದಳು ಅಂತ ಕೇಳಿದ್ಯಾ ಅಪ್ಪ?” ಎಂದಳು. ಕೇಳಿರಲಿಲ್ಲ. ಕೇಳಲು ಧೈರ್ಯವಿರಲಿಲ್ಲ.

ಮೆಣಸಿಗೆ ಬೇರೆಯಾಗಿ ಹೇಳಿದೆ. ಕುದುರೆ ಬಂದರೂ ಬರಬಹುದು, ಬರದಿದ್ದರೂ ಬರದಿರಬಹುದು, ಬಂದರೆ ಈಗಿನ ಚುಕ್ಕಿ ನೀನು ಕಾಲೇಜಿಗೆ ಹೋಗುವಷ್ಟರಲ್ಲಿ ಇರುವುದಿಲ್ಲ ಎಂದೆ. ಅವಳು ನನ್ನ ತಲೆಯನ್ನೇ ನೋಡಿದಳು.

“ನಿನ್ನ ಕೂದಲೂ ಮೊದಲು ಕಪ್ಪಗಿತ್ತಂತೆ ಅಜ್ಜ. ಅಜ್ಜಿ ನಿನ್ನನ್ನ ಯಾರದ್ದಾದರೂ ಗೇಟಿಗೆ ಕಟ್ಟಿಬಂದ್ರಾ?”

ಹೆಸರಿಟ್ಟದ್ದು ಸರಿಯಾಗಿದೆ, ಅಲ್ಲವಾ?

ಮೇಷ್ಟ್ರು


ಮೇ ೧೫

ಮೇಷ್ಟ್ರೇ,

ಮರಿ ಹಾಕೋ ಕಾಲ. ಐದು ಕುದುರೆ ಒಂದರ ಹಿಂದೆ ಒಂದು. ಅದಕ್ಕೇ ತಡ ಅಂತ ಬರೆಯೋಣ ಅಂದುಕೊಂಡೆ. ಪೂರ್ತಿ ನಿಜ ಅಲ್ಲ. ಕಾಗದವನ್ನ ಮೂರು ಸಲ ಓದಿದೆ. ಮೂರು ಸಲವೂ ಮಡಚಿ ಜೇಬಿಗಿಟ್ಟೆ.

ನನಗೆ ಗೊತ್ತಿತ್ತು. ಅತ್ತಿಗೆ ಆ ವಾರವೇ ಬಂದಿದ್ದರು. ಚಿಂದಿ ಬೆಳ್ಳಗಿತ್ತು ಅಂತ ಹೇಳಿದರು. “ಅವರೇ ಬಂದು ಹೇಳ್ತಾರೆ, ಸ್ವಲ್ಪ ಟೈಮು ಕೊಡಿ” ಅಂದರು.

ಕೊಟ್ಟೆ.

ಆಮೇಲೂ ಬರ್ತಿದ್ದರು, ತಿಂಗಳಿಗೊಂದು ಸಲ. ನಿನಗೆ ಟೈಲರ್ ಹತ್ತಿರ ಹೋಗ್ತೀನಿ ಅಂತ ಹೇಳಿ ಬರ್ತಿದ್ದರಂತೆ. ಹಿಟ್ಟುವಿನ ಮೈ ಬಾಚಿ ಹೋಗೋರು. ಬ್ರಶ್ಶು ಅದೇ ಮೊಳೆಗೆ ತೂಗ್ತಾ ಇದೆ, ಸೊಸೆಗೂ ಮುಟ್ಟೋಕೆ ಬಿಟ್ಟಿಲ್ಲ.

ಹಿಟ್ಟು ಇದ್ದಾಳೆ. ಇಪ್ಪತ್ತೆಂಟು. ಹಲ್ಲಿಲ್ಲ, ನೆನೆಸಿದ್ದು ತಿಂತಾಳೆ. ನೀನು ಬಂದ ದಿನ ಮೇಲಿನ ಹುಲ್ಲುಗಾವಲಲ್ಲಿ ಅವಳ ಜೊತೆಗೇ ಇದ್ದೆ. ನೀನು ಉತ್ತರ ಕೊಡದೆ ಅವಳನ್ನ ನೋಡೋದು ನನಗೆ ಇಷ್ಟ ಇರಲಿಲ್ಲ. ಮೂರನೆಯವಳು ಅವಳ ಮೊಮ್ಮಗಳು. ನಿನ್ನ ಮಗಳಿಗೆ ಹೇಳು.

ಪುಟ ವಾಪಸ್ ಕಳಿಸ್ತಿದ್ದೀನಿ. ಸಹಿ ಇಲ್ಲದ ಲೇಬಲ್ಲು ನನಗೆ ಯಾಕೆ? ಅದು ನಿಮ್ಮ ಮನೆ ಪುಸ್ತಕ.

ಎಲ್ಲರನ್ನೂ ಕರ್ಕೊಂಡು ಬಾ. ಸೊಸೆ ಆ ಮೆಣಸನ್ನ ನೋಡಬೇಕು ಅಂತ ಕೂತಿದ್ದಾಳೆ.

ಲಗಾಮು


ಜೂನ್ ೧೧

ಲಗಾಮು,

ಹೋದ ವಾರ ನಿನ್ನೆದುರು ನಿಂತಾಗ ಹೇಳಬೇಕೆಂದುಕೊಂಡದ್ದೆಲ್ಲ ಬಿಟ್ಟು ದಾರಿಯ ಧೂಳಿನ ಮಾತಾಡಿದೆ. ನೀನಂತೂ, “ಬಂದ್ಯಾ? ಕೈಕಾಲು ತೊಳ್ಕೊ” ಎಂದಷ್ಟೇ ಹೇಳಿದೆ. ಇಪ್ಪತ್ತೆರಡು ವರ್ಷದ ಮೇಲೆ ಭೇಟಿಯಾದವರು ಇನ್ನೇನಾದರೂ ಮಾತಾಡುತ್ತಾರೆಂದು ಮಗಳು ಕಾದು ಕಾದು ಸೋತಳು. ಅದಕ್ಕೇ ಬರೆಯುತ್ತಿದ್ದೇನೆ.

ಎದುರು ಹೇಳಿದರೆ ನೀನು ಎದ್ದುಹೋಗುತ್ತೀಯ, ಇಲ್ಲಿ ಓದಲೇಬೇಕು. ನಾನು ಬಿಟ್ಟುಬಂದ ಕುದುರೆಯನ್ನು ಇಷ್ಟು ವರ್ಷ ಸಾಕಿದೆ. ನಿನ್ನ ಹೆಸರು ಕೆಡಿಸಿದವನ ಮೇಲೆ ಆ ಬಿಳಿ ಚಿಂದಿಗಳ ಒಂದು ಮಾತನ್ನೂ ಹೊರಗೆ ಬಿಡಲಿಲ್ಲ. ಒಂದು ಮಾತು ಆಡಿದ್ದರೆ ನಾನು ಆ ಕಾರ್ಖಾನೆಯಲ್ಲಿ ತಲೆಯೆತ್ತಿ ನಡೆಯುತ್ತಿರಲಿಲ್ಲ. ಆ ಪ್ರಬಂಧದಲ್ಲಿ ‘ನೋಬಲ್’ ಎಂದು ಹದಿನಾರು ಸಲ ಬರೆದಿದ್ದೆ, ಅರ್ಥ ಗೊತ್ತಿಲ್ಲದೆ. ಈಗ ಗೊತ್ತಾಯಿತು, ಅದು ಕುದುರೆಯ ವಿಷಯಕ್ಕಲ್ಲ.

ಹಿಟ್ಟು. ಬೇಲಿಯಾಚೆ ಅವಳನ್ನು ಕಂಡಾಗ ಮೊದಲು ಹೊಳೆದದ್ದು ನನ್ನ ಹಳೆಯ ಮಾತೇ: ಬಣ್ಣ ಬಿಟ್ಟ ಕುದುರೆ. ಹತ್ತಿರ ಬಂದಂತೆ ಬೇರೆಯೇ ಕಂಡಿತು. ಬಿಳಿಯಲ್ಲ, ಬೂದೂ ಅಲ್ಲ. ಒಂದೊಂದು ಕೂದಲೂ ಬೇರೆ ಬೇರೆ ತೀರ್ಮಾನಕ್ಕೆ ಬಂದ ಹಾಗೆ. ಕೆನ್ನೆಯೆಲುಬಿನ ಮೇಲೆ, ಮೊಣಕಾಲಿನ ಮೇಲೆ ಮೊದಲಿನ ಕಂದು, ನಾನು ತಂದ ದಿನ ಇದ್ದಷ್ಟೇ ಗಾಢ. ಸೊಂಟದ ತುದಿಯಲ್ಲೂ ಇತ್ತು. ಆ ಕಂದನ್ನು ಯಾವ ಹಂಡೆಯಲ್ಲೂ ಕುದಿಸಿ ಇಳಿಸಲು ನಮ್ಮ ಕೈಲಾಗದು. ತುಟಿಯ ಮಚ್ಚೆ ಹಾಗೇ ಇದೆ. ಗೊರಸಿನ ಗೀಟು ಹಾಗೇ ಇದೆ. ಅವಳೇನೂ ಬದಲಾಗಿರಲಿಲ್ಲ, ಲಗಾಮು. ನಾನು ನೋಡಬೇಕಾದ ಕಡೆ ನೋಡಿರಲಿಲ್ಲ.

ಮಗಳು ಹೆಸರು ಹಿಡಿದು ಕರೆದ ಕೂಡಲೇ ಕಿವಿ ಎತ್ತಿದ್ದನ್ನು ನೀನೂ ನೋಡಿದೆ. ಆಮೇಲೆ ನೀನು ಬೇಕೆಂದೇ ಆಚೆ ನಡೆದೆ. ಹಿಟ್ಟು ನನ್ನತ್ತ ತಿರುಗಿ ಜೇಬಿಗೆ ಮೂಗು ಹಾಕಿದಳು. ನಾನು ಆ ಮೊಳೆಯಿಂದ ಬ್ರಶ್ಶು ತೆಗೆದು ಅವಳ ಬೆನ್ನು ಬಾಚಿದೆ. ಹಿಡಿಯ ಮರ ಒಂದು ಕಡೆ ಸವೆದಿದೆ, ಹೆಬ್ಬೆರಳಿನ ಜಾಗದಲ್ಲಿ. ನನ್ನ ಹೆಬ್ಬೆರಳು ಅಲ್ಲಿ ಕೂರಲಿಲ್ಲ. ನನ್ನವಳದು ಚಿಕ್ಕ ಕೈ.

ಇಲ್ಲಿಯ ಸುದ್ದಿ. ನೀನು ನಮ್ಮ ಜೊತೆ ಕಳಿಸಿದ ಹೊಸಬಳು ಓಣಿಯನ್ನು ಒಂದೇ ದಿನದಲ್ಲಿ ಕಲಿತಳು. ಮಬ್ಬಿನಲ್ಲೂ ಹೆಜ್ಜೆ ತಪ್ಪುವುದಿಲ್ಲ. ಮೆಣಸು ದಿನಾ ಬೆಳಿಗ್ಗೆ ಅವಳ ಮೂಗಿನ ಮೇಲಿನ ಬಿಳಿ ಕೂದಲು ಎಣಿಸುತ್ತೇನೆಂದು ಕೂತು, ನೂರರ ಹತ್ತಿರ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಸ್ಕೂಲಿಗೆ ತಡವಾಗುತ್ತಿದೆ. ಮಗಳು ನನಗೆ ಬೈಯುತ್ತಾಳೆ.

ನಿನ್ನೆ ಮಧ್ಯಾಹ್ನ ಪುಸ್ತಕ ಬಿಚ್ಚಿ ಪುಟವನ್ನು ನೀಲಿಗೂ ಇಟ್ಟಿಗೆ ಕೆಂಪಿಗೂ ನಡುವೆ ಮತ್ತೆ ಅಂಟಿಸಿದೆ. ಪೆನ್ನು ತೆಗೆದು ‘ಒಪ್ಪಿದವರು’ ಎಂದಿರುವಲ್ಲಿ ಸಹಿ ಮಾಡಿದೆ. ಅಭ್ಯಾಸ ತಪ್ಪಿದೆ, ಸಹಿ ನನ್ನದಲ್ಲವೇನೋ ಎಂಬಂತೆ ಬಂದಿದೆ. ನನ್ನವಳು ನೋಡಿದ್ದರೆ, ‘ಇದನ್ನ ಕಾರ್ಖಾನೆಯವರು ಒಪ್ಪಲ್ಲ’ ಎಂದು ಹಿಂದಿರುಗಿಸುತ್ತಿದ್ದಳು.

ಮೆಣಸು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಇನ್ನೊಂದು ಲೇಬಲ್ಲು ಕೊಡು ಎಂದಳು. ಕೊಟ್ಟೆ. ಹೊಸಬಳನ್ನು ಬಾಚುವ ಬ್ರಶ್ಶಿನಿಂದ ಒಂದು ಚಿಟಿಕೆ ಕೂದಲು ತಂದಳು, ಕಂದೂ ಬಿಳಿಯೂ ಕಲೆತದ್ದು. ಖಾಲಿ ಪುಟಕ್ಕೆ ಅಂಟಿಸಿ, ನನ್ನ ಪೆನ್ನು ಕಸಿದುಕೊಂಡು ಬರೆದಳು. ಬರೆದದ್ದು ಹಾಗೇ ಇಳಿಸುತ್ತೇನೆ:

ಮಾದರಿ: ಹಿಟ್ಟು ಮೊಮ್ಮಗಳು. ಬಣ್ಣ: ಹೋಗುತ್ತೆ. ಒಪ್ಪಿದವರು: ನಾನು.

ನಿನ್ನ,
ಮೇಷ್ಟ್ರು